ಗಾಜಿನ ಆಚೆಯಿಂದ ‘ಬರ್ರಿ ಕಾಕಾ’

ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಹೊಸ ಗಡಿಯಾರ ನನ್ನ ಕುರ್ಚಿಯ ಎದುರಿಗೇ ಇದೆ, ಹಾಗಾಗಿ ಇದರಲ್ಲಿ ಒಂದು ನಿಮಿಷವೂ ಹೆಚ್ಚುಕಡಿಮೆ ಇಲ್ಲ. ರಾಜೇಸಾಬ ಕಾಕಾ ಕಡಲೆಯ ಚೀಲವನ್ನು ಎರಡೂ ಕೈಯಿಂದ ಎದೆಗವಚಿಕೊಂಡು ನಮ್ಮ ಆಫೀಸಿನೊಳಗೆ ಬಂದರು. ಮ್ಯಾನೇಜರ್ ತಮ್ಮ ಕ್ಯಾಬಿನ್ನಿನಿಂದ ಕೈ ಬೀಸಿ, ‘ಬರ್ರಿ ಕಾಕಾ, ಬರ್ರಿ’ ಅಂದರು. ಕಾಕಾ ನೇರ ನಡೆದರು.

ನಡುವೆ ಗಾಜಿತ್ತು.

ನಾನು ಅಣ್ಣಿಗೇರಿಯ ರೈತರ ಸಂಘವೊಂದರಲ್ಲಿ ಕೆಲಸ ಮಾಡುತ್ತೇನೆ. ರೈತರು ತರುವ ಕಡಲೆ, ಹೆಸರುಕಾಳು ಬಿತ್ತನೆ ಬೀಜಕ್ಕೆ ಬರುತ್ತವೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಬರೆದುಕೊಡುವುದು ನನ್ನ ಪಾಲಿನದು. (ಬಿ.ಎಸ್ಸಿ. ಓದಿದ್ದಕ್ಕೆ ಅಷ್ಟಾದರೂ ಉಪಯೋಗ.) ಮೊದಲು ನಮ್ಮದು ನಾಲ್ಕು ಕೋಣೆಯ ಹಳೆಯ ಕಟ್ಟಡ. ದಪ್ಪ ಗೋಡೆ, ಗಿಡ್ಡ ಬಾಗಿಲು. ಫೈಲು ಬೇಕಾದರೆ ಕೂತಲ್ಲಿಂದಲೇ ಕೂಗುತ್ತಿದ್ದೆವು. ಮೂರನೆಯ ಕೋಣೆಯಿಂದ ಉತ್ತರ ಬರುತ್ತಿತ್ತು, ಕೆಲವೊಮ್ಮೆ ಫೈಲೂ ಬರುತ್ತಿತ್ತು.

ಈ ಬೇಸಿಗೆಯಲ್ಲಿ ಗೋಡೆಗಳೆಲ್ಲ ಹೋದವು. ಹುಬ್ಬಳ್ಳಿಯಿಂದ ಬಂದ ಡಿಸೈನರ್ ‘ಓಪನ್ ಆಫೀಸ್’ ಮಾಡಿಕೊಟ್ಟರು. ಒಂಬತ್ತು ಜನ, ಒಂದೇ ಹಾಲ್. ಮ್ಯಾನೇಜರಿಗೆ ಮಾತ್ರ ಕ್ಯಾಬಿನ್ನು. ಅದಕ್ಕೂ ನೆಲದಿಂದ ಮಾಳಿಗೆಯವರೆಗೆ ಗಾಜು. ಎಡಮೂಲೆಯಲ್ಲಿ ಅದೇ ಗಾಜಿನದೊಂದು ಬಾಗಿಲು. ಕಂಬದ ಮೇಲೆ ಒಂದು ಬೋರ್ಡು: ‘ದಯವಿಟ್ಟು ಮೆಲ್ಲಗೆ ಮಾತನಾಡಿ.’

ಹೊಂದಿಕೊಳ್ಳುವುದು ಸುಲಭವಿರಲಿಲ್ಲ. ಯಾರು ಆಕಳಿಸಿದರೂ ಒಂಬತ್ತು ಜನ ಆಕಳಿಸುತ್ತಿದ್ದೆವು. ರೊಟ್ಟಿ ಬುತ್ತಿ ಬಿಚ್ಚಿದರೆ ಕೆಂಪು ಚಟ್ನಿಯ ವಾಸನೆ ಇಡೀ ಹಾಲಿಗೆ. ಮೊದಲು ಗೋಡೆಯಾಚೆಗೂ ಕೂಗುತ್ತಿದ್ದವರು ಈಗ ಮೂರು ಅಡಿ ದೂರದವರಿಗೆ ಮೆಸೇಜ್ ಕಳಿಸತೊಡಗಿದೆವು. ಬದಲಾಗದವಳು ಒಬ್ಬಳೇ. ಕಸ ಹೊಡೆದು ಚಹಾ ಮಾಡುವ ಶಾಂತವ್ವ. ಆಕೆಗೆ ಬೋರ್ಡು ಓದಲು ಬರುವುದಿಲ್ಲ. ದಿನಾ ಬೆಳಿಗ್ಗೆ ಹಳೆಯ ಪೇಪರಿನಿಂದ ಗಾಜು ಒರೆಸಿ, ‘ನೋಡ್ರಿ ಅಕ್ಕಾರ, ಅಲ್ಲೇನೂ ಇಲ್ಲ ಅನ್ನೂಹಂಗ ಮಾಡೀನಿ’ ಎನ್ನುತ್ತಿದ್ದಳು. ಹೌದು, ಹಾಗೇ ಮಾಡಿದ್ದಳು.

ನಮ್ಮ ಕಡೆ ಯಾರಾದರೂ ‘ಬರ್ರಿ’ ಅಂದರೆ ನೇರ ಹೋಗಿಬಿಡುತ್ತೇವೆ. ಬಾಗಿಲು ಹುಡುಕುವವರು ಕರೆಯದೇ ಬಂದವರು. ಕಾಕಾರನ್ನಂತೂ ಸಾಹೇಬರೇ ಕರೆದಿದ್ದರು. ಮುಂದೆ ಕೈ ಚಾಚಿ ನಡೆಯೋಣವೆಂದರೆ ಕೈಯಲ್ಲಿ ಚೀಲ.

ಐದಾರು ಹೆಜ್ಜೆ ಇತ್ತು. ನಾನು ನೋಡಿದೆ. ಬಾಯಿ ತೆರೆದೆ. ಇದು ಕೂಗುವ ಆಫೀಸಲ್ಲ ಎಂದು ಯಾಕೋ ನೆನಪಾಯಿತು. ‘ಕಾಕಾ’ ಅಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

ಚೀಲದ ಭಾರಕ್ಕೆ ತಲೆ ಮುಂದೆ ಬಾಗಿಸಿ ನಡೆಯುತ್ತಿದ್ದರಿಂದ ಗಾಜಿಗೆ ಮೊದಲು ಬಡಿದದ್ದು ಅವರ ರುಮಾಲು. ಅಷ್ಟು ಸುತ್ತು ಸುತ್ತಿದ್ದಕ್ಕೆ ತಲೆ ಉಳಿಯಿತು. ಹುಬ್ಬು ಸೀಳಿ ರಕ್ತ ಇಳಿಯಿತು. ಗಾಜಿನ ಕೆಳಗಿನ ಭಾಗ ಪೂರ್ತಿ ಕುಸಿಯಿತು, ಚೀಲ ಒಡೆದು ಕಡಲೆ ಹಾಲಿನ ತುಂಬ ಉರುಳಿತು. ಆಗ ಕಾಕಾ ಏನು ಮಾಡಿದರು? ಕೂತು ಕಡಲೆ ಬಳಿಯತೊಡಗಿದರು.

‘ಯಾರೂ ತುಳೀಬ್ಯಾಡ್ರಿ. ಬೀಜದ್ದೈತಿ.’

ಅವರ ಬಗ್ಗಿದ ಕುತ್ತಿಗೆಯ ಮೇಲೆ ಗಾಜಿನ ಅರ್ಧ ಇನ್ನೂ ಚೌಕಟ್ಟಿನಲ್ಲೇ ಇತ್ತು. ಬಾಗಿಲಿನಷ್ಟು ಅಗಲ, ಕೆಳತುದಿ ಚೂಪು, ಸಣ್ಣಗೆ ಅಲುಗುತ್ತಿತ್ತು. ಅದನ್ನೂ ನಾನು ನೋಡಿದೆ. ಎಲ್ಲರೂ ನೋಡಿದೆವು. ಓಪನ್ ಆಫೀಸಲ್ಲವೇ?

‘ಏ ಮುದುಕಾ, ಏಳ ಮ್ಯಾಲ. ನಿನ್ನ ಕಡ್ಲಿಗೆ ಬೆಂಕಿ ಹತ್ತಲಿ’ ಅನ್ನುತ್ತಲೇ ಶಾಂತವ್ವ ಚಹಾದ ಮೂಲೆಯಿಂದ ಓಡಿ ಬಂದಳು. ಕಾಕಾರ ಅಂಗಿಯ ಕಾಲರ್ ಹಿಡಿದು ಜಗ್ಗಿದಳು. ಇಬ್ಬರೂ ಹಿಂದಕ್ಕೆ ಬಿದ್ದರು. ಗಾಜು ಅವರು ಕೂತಿದ್ದ ಜಾಗದಲ್ಲೇ ಇಳಿಯಿತು. ಅಲ್ಲಿ ಉಳಿದಿದ್ದದ್ದು ಕಾಕಾರ ಒಂದು ಚಪ್ಪಲಿ ಮಾತ್ರ. ಅದರ ಉಂಗುಟದ ಬಾರು ಬ್ಲೇಡಿನಿಂದ ಕೊಯ್ದಂತೆ ತುಂಡಾಗಿತ್ತು.

ದವಾಖಾನೆಯಲ್ಲಿ ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದವು. ಹಾಕಿಸಿಕೊಳ್ಳುತ್ತಲೇ ಕಾಕಾ ನನ್ನನ್ನು ಕೇಳಿದರು: ‘ಯವ್ವಾ, ಕಡ್ಲಿ ಪಾಸ್ ಆಗ್ತೈತೇನು?’ ಮರುದಿನ ಬಳಿದ ಕಡಲೆಯಲ್ಲಿ ಗಾಜಿನ ಚೂರು ಆರಿಸಿ ತೆಗೆದು ಪರೀಕ್ಷೆ ಮಾಡಿದೆ. ಪಾಸಾಯಿತು.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ಐದಾರು ಹೆಜ್ಜೆ. ಒಮ್ಮೆಯಲ್ಲ, ಎರಡು ಸಲ ನನ್ನ ಬಾಯಿ ಕಟ್ಟಿತ್ತು. ಕಾಕಾ ಉಳಿದದ್ದು ನನ್ನಿಂದಲ್ಲ, ಬೋರ್ಡು ಓದಲು ಬಾರದ ಒಬ್ಬ ಹೆಂಗಸಿನಿಂದ. ಆಕೆಯೋ, ‘ನಾ ಅಷ್ಟು ತಿಕ್ಕಬಾರದಿತ್ತು ಅಕ್ಕಾರ’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮಾತು ಕೇಳಿದ ಮೇಲೆ ನನ್ನ ಹೆದರಿಕೆಗೆ ಸಿಟ್ಟೂ ಸೇರಿತು. ಗಾಜು ಸ್ವಚ್ಛ ಒರೆಸಿದ್ದು ತಪ್ಪಾಗುವುದು ಯಾವ ನ್ಯಾಯ?

ಐದನೆಯ ದಿನ ಹೊಸ ಗಾಜು ಬಂತು. ಮೊದಲಿನದಕ್ಕಿಂತ ಗಟ್ಟಿಯಂತೆ. ಅಷ್ಟೇ ಖಾಲಿ. ಕಣ್ಣಿನ ಮಟ್ಟಕ್ಕೆ ಒಂದು ಬಣ್ಣದ ಪಟ್ಟಿ ಹಚ್ಚಿಸಿರಿ ಎಂದು ಮ್ಯಾನೇಜರನ್ನು ಕೇಳಿದೆ.

‘ಪಟ್ಟಿ ಹಚ್ಚಿದ್ರ ಲುಕ್ ಹೋಗ್ತೈತಿ ಅಂತ ಡಿಸೈನರ್ ಹೇಳ್ಯಾರ, ಮೇಡಮ್.’

‘ಕಾಕಾನ ಕುತ್ತಿಗಿ ಹೋಗ್ತಿತ್ತಲ್ರಿ.’

‘ಇನ್ನ ಯಾರು ಬಡಕೋತಾರ? ಎಲ್ಲಾರಿಗೂ ಗೊತ್ತಾಗೇತಿ.’

ಎಲ್ಲರಿಗೂ ಅಂದರೆ ಯಾರಿಗೆ? ನಾಳೆ ಮೊದಲ ಸಲ ಬರುವ ಯಾವನೋ ರೈತನಿಗೂ ಗೊತ್ತೇ?

ಮರುದಿನ ಅರ್ಧ ತಾಸು ಮೊದಲೇ ಹೋದೆ. ಶಾಂತವ್ವ ಒಂದು ಕಡೆ ಹಿಡಿದಳು, ನಾನೊಂದು ಕಡೆ. ನನ್ನ ಟೇಬಲ್ ಎಳೆದು ಗಾಜಿನ ಎದುರು, ಸರಿಯಾಗಿ ನಟ್ಟನಡುವೆ ಹಾಕಿದೆವು. ಗಾಜಿಗೆ ಬೆನ್ನು ಕೊಟ್ಟು ಕೂತೆ. ಮ್ಯಾನೇಜರ್ ಬಂದು ನಿಂತರು.

‘ಇದೇನ್ರಿ ಮೇಡಮ್?’

‘ಪಟ್ಟಿ ಬರೂತನಕ ನಾನ ಪಟ್ಟಿ, ಸರ್.’

ಹಾಲಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಬೆರಳು ಮಾತ್ರ ಎಲ್ಲರದೂ ಫೋನಿನ ಮೇಲೆ. (ಮೆಸೇಜ್ ಏನಿತ್ತೆಂದು ಆಮೇಲೆ ಓದಿದೆ. ಇಲ್ಲಿ ಬರೆಯುವಂಥದ್ದಲ್ಲ.)

ಆರು ದಿನ ಹಾಗೇ ಕೂತೆ. ಒಳಗೆ ಬಂದವರೆಲ್ಲ ಮೊದಲು ನನ್ನ ಟೇಬಲ್ಲಿಗೆ ಮುಟ್ಟುತ್ತಿದ್ದರು. ‘ಬಾಗಲಾ ಆ ಮೂಲ್ಯಾಗ ಐತ್ರಿ’ ಎಂದು ದಿನಕ್ಕೆ ಎಷ್ಟು ಸಲ ಹೇಳಿದೆನೋ. ಮೊದಲ ದಿನ ಮೆಲ್ಲಗೆ. ಮೂರನೆಯ ದಿನದ ಹೊತ್ತಿಗೆ ನನ್ನ ದನಿ ಹೊರಗಿನ ರಸ್ತೆಗೂ ಕೇಳುತ್ತಿತ್ತು. ಗಾಜಿನಾಚೆ ಮ್ಯಾನೇಜರಿಗೆ ಕಾಣುತ್ತಿದ್ದದ್ದು ನನ್ನ ಬೆನ್ನು, ನನ್ನ ಜಡೆ. ಚಹಾ ಇಡಲು ಬಂದ ಶಾಂತವ್ವ ಅವರಿಗೆ ಕೇಳುವಂತೆಯೇ ಅಂದಳು: ‘ಈಗ ನೋಡ್ರಿ ಅಕ್ಕಾರ, ಲುಕ್ ಅಗದಿ ಛಲೋ ಆಗೇತಿ.’

ಏಳನೆಯ ದಿನ ಮ್ಯಾನೇಜರ್ ತಾವೇ ಒಂದು ಕೆಂಪು ಟೇಪಿನ ಸುರುಳಿ ತಂದರು. ಯಾರನ್ನೂ ಕರೆಯಲಿಲ್ಲ. ಒಂದು ತುದಿ ನನ್ನ ಕೈಗೆ ಕೊಟ್ಟರು. ಎದೆಯ ಮಟ್ಟಕ್ಕೊಂದು, ಕಣ್ಣಿನ ಮಟ್ಟಕ್ಕೊಂದು, ಈ ಕೊನೆಯಿಂದ ಆ ಕೊನೆಗೆ ಎಳೆದು ಹಚ್ಚಿದೆವು. ಗುಳ್ಳೆ ಎದ್ದಲ್ಲಿ ಹೆಬ್ಬೆರಳಿನಿಂದ ಒತ್ತುತ್ತ ನನ್ನ ಮುಖ ನೋಡದೇ ಹೇಳಿದರು:

‘ಬರ್ರಿ ಅಂತ ಕರದಾಂವ ನಾನ ಅಲ್ಲೇನ್ರಿ, ಮೇಡಮ್?’

ಅವರಿಗೂ ಅದೇ ಐದಾರು ಹೆಜ್ಜೆ ಕಾಣುತ್ತಿತ್ತೇನೋ, ಆ ಬದಿಯಿಂದ. ನಾನು ಟೇಪು ಕತ್ತರಿಸಿದೆ.

ಅವತ್ತು ಬುಧವಾರ. ಅಂದು ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಆದರೂ ಕೇಳದೇ ಇರಲಾರೆ: ಎರಡು ಬೆರಳಗಲದ ಟೇಪು ಹಚ್ಚುವುದಕ್ಕೆ ಒಬ್ಬ ಮನುಷ್ಯನ ಹುಬ್ಬು ಯಾಕೆ ಸೀಳಬೇಕಾಯಿತು?