ಮಡಿಯಲ್ಲಿದ್ದ ಮೊಬೈಲು

ನಮ್ಮ ಮನೆಗೆ ಮೊಬೈಲು ಬಂದ ಮೇಲೆ ಅತ್ತೆಯವರ ಮಡಿ ವಿಪರೀತ ಹೆಚ್ಚಾಯಿತು. ಅದುವರೆಗೆ ಪೂಜೆ, ನೈವೇದ್ಯ, ಊಟ ಮುಗಿದರೆ ಮಡಿಯೂ ಮುಗಿಯುತ್ತಿತ್ತು. ಈಗ ಮಧ್ಯಾಹ್ನ ಆರಾಮಾಗಿ ಅಡಕೆ ಕತ್ತರಿಸುತ್ತ ಕೂತವರು ನಾನು ಫೋನು ಹಿಡಿದು ಬರುವುದನ್ನು ಕಂಡರೆ ಸಾಕು, ಸೆರಗು ಬಿಗಿದು ಎದ್ದುಬಿಡುತ್ತಿದ್ದರು.

"ನಂಗ ಮಡಿ ಅದ, ಮುಟ್ಟಂಗಿಲ್ಲ. ಅಕ್ಕ ಛಲೋ ಇದ್ದಾಳ ಅಂತ ನೀನ ಹೇಳು."

ಆ ಕಡೆ ಇರುತ್ತಿದ್ದವರು ಅತ್ತೆಯ ಒಬ್ಬಳೇ ತಂಗಿ, ಕಮಲಾಪುರದ ಮೌಶಿ. ಎರಡು ಸಾವಿರದ ಇಸವಿ ದಾಟಿದ ಹೊಸತು. ಅದಕ್ಕೂ ಮೊದಲು ಮೌಶಿ ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಬಸ್ಸಿನಲ್ಲಿ ಶಹಾಬಜಾರದ ನಮ್ಮ ಮನೆಗೆ ಬರುತ್ತಿದ್ದರು. ಅಕ್ಕತಂಗಿಯರು ಪಡಸಾಲೆಯಲ್ಲಿ ಎದುರುಬದುರು ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಆಮೇಲೆ ಇಬ್ಬರ ಮೊಣಕಾಲೂ ಕೈಕೊಟ್ಟವು, ಹೋಗಿಬರುವುದು ನಿಂತಿತು. ಅತ್ತೆ ಮಾತ್ರ ಬಸ್ಸಿನ ಹೊತ್ತಿಗೆ ಬಾಗಿಲ ಕಡೆ ನೋಡುವುದನ್ನು ಬಿಟ್ಟಿರಲಿಲ್ಲ. ಅದನ್ನು ನೋಡಲಾಗದೆ ನನ್ನ ಗಂಡ ಈ ಫೋನು ತಂದದ್ದು.

"ಅವ್ವಗ ಮಶೀನ್ ಅಂದ್ರ ಅಂಜಿಕಿ, ಬಿಡು," ಅಂದರು ಅವರು. ನನಗದು ನಂಬಿಕೆಯಾಗಲಿಲ್ಲ. ನಮ್ಮ ಗಲ್ಲಿಯಲ್ಲಿ ಎಲ್ಲರಿಗಿಂತ ಮೊದಲು ಮಿಕ್ಸರ್ ತರಿಸಿ, ಕಂಡದ್ದನ್ನೆಲ್ಲ ರುಬ್ಬಿ ಹಾಕಿದ ಹೆಂಗಸು ಇವರು. ಇವರಿಗೆ ಅಂಜಿಕೆಯಂತೆ!

ರೇಷ್ಮೆಗೆ ಮೈಲಿಗೆ ಇಲ್ಲ ಎಂದು ನನಗೆ ಕಲಿಸಿದವರು ಅತ್ತೆಯೇ. ಅವರದೇ ಹರಿದ ಮಡಿಸೀರೆಯ ಅಂಚು ಕತ್ತರಿಸಿ ಫೋನಿಗೊಂದು ಚೀಲ ಹೊಲಿದೆ. ಅವರು ದೇವರ ಮನೆಯಿಂದ ಹೊರಗೆ ಬರುವುದಕ್ಕೂ ಮೌಶಿಯ ಫೋನು ಬರುವುದಕ್ಕೂ ಸರಿಹೋಯಿತು.

"ತಗೋರಿ ಅತ್ಯಾ, ಇನ್ನ ಇದೂ ಮಡೀಲೇ ಅದ."

ಅತ್ತೆ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಆದರೆ ಶಾಸ್ತ್ರಕ್ಕೆ ಎದುರು ಹೇಳುವ ಹಾಗಿಲ್ಲವಲ್ಲ, ತೆಗೆದುಕೊಂಡರು. ಉಸಿರು ಬಿಡದೆ ಬಿಸಿಲು, ಉಪ್ಪಿನಕಾಯಿ, ತೊಗರಿಬೇಳೆ ಎಲ್ಲ ಹೇಳಿ, "ಛಲೋ ಆತು ಬಿಡು, ಇಡ್ತೀನಿ" ಎಂದು ವಾಪಸು ಕೊಟ್ಟರು. ದಿನವೂ ಅದೇ ನಡೆಯಿತು. ನಾನಂತೂ ಕೋಟೆ ಗೆದ್ದವಳ ಹಾಗೆ ಮನೆ ತುಂಬ ಓಡಾಡಿದೆ.

ಸ್ವಲ್ಪ ದಿನಕ್ಕೆ ಒಂದು ತೊಟ್ಟಿಲ ಕಾರ್ಯಕ್ಕೆಂದು ಕಮಲಾಪುರಕ್ಕೆ ಹೋದೆ. ಮೌಶಿಯ ಕೈಗೆ ಪ್ಲಾಸ್ಟರ್ ಹಾಕಿತ್ತು. ಗಾಬರಿಯಾಗಿ ಕೇಳಿದರೆ ಅವರು ಅಳತೊಡಗಿದರು.

"ಬಚ್ಚಲದಾಗ ಬಿದ್ದು ಕೈ ಮುರಕೊಂಡೀನಿ ಅಂತ ನಾ ಫೋನಿನ್ಯಾಗ ಹೇಳಿದ್ರ, ಅಕ್ಕ 'ಛಲೋ ಆತು ಬಿಡು' ಅಂದ್ಳು. ನನ್ನ ಮ್ಯಾಲೆ ಏನ್ ಸಿಟ್ಟದ ಆಕೀಗೆ?"

ಬಸ್ಸಿನಲ್ಲಿ ಮರಳುವಾಗ ತಲೆಯಲ್ಲಿ ಇದೇ ಕೊರೆಯಿತು. ಯಾರೇ ಮಾತಾಡಲಿ, ಎದುರಿಗೆ ಬಂದು ನಿಂತು ಮಾತಾಡಬೇಕು ಎಂಬುದು ಅತ್ತೆಯ ಕಟ್ಟಪ್ಪಣೆ. ನಾವು ಅದನ್ನು ಹಿರಿಯರ ಶಿಸ್ತು ಅಂದುಕೊಂಡಿದ್ದೆವು. ಅನುಮಾನ ತೀರಿಸಿಕೊಳ್ಳಲು ಏಕಾದಶಿಯ ದಿನ, ಅವರು ಹೂಬತ್ತಿ ಹೊಸೆಯುತ್ತ ಕೂತಿದ್ದಾಗ, ಬೆನ್ನ ಹಿಂದೆ ನಿಂತು ಗಟ್ಟಿಯಾಗಿಯೇ ಕೇಳಿದೆ:

"ಅತ್ಯಾ, ಇವತ್ತ ಉಳ್ಳಾಗಡ್ಡಿ ಭಜಿ ಮಾಡ್ಲೇನ್ರಿ?"

ನಿರ್ಜಲ ಉಪವಾಸದ ಮನೆಯಲ್ಲಿ ಈರುಳ್ಳಿ ಬಜ್ಜಿ! ಅತ್ತೆ ತಮ್ಮಷ್ಟಕ್ಕೆ ಬತ್ತಿ ಹೊಸೆಯುತ್ತಲೇ ಇದ್ದರು. ನನ್ನ ನಗು ಅಲ್ಲಿಗೇ ಇಂಗಿತು.

ಎದುರಿಗೆ ಹೋಗಿ ಕೂತೆ. ಮುಖ ನೋಡಿಯೇ ಅವರಿಗೆ ತಿಳಿದುಹೋಯಿತು.

"ಗೊತ್ತಾತೇನು? ನಿನ್ನ ಗಂಡಗ ಹೇಳಬ್ಯಾಡ," ಅಂದರು. "ತುಟಿ ನೋಡಿ ನಾ ಹೆಂಗರ ಸಂಭಾಳಸ್ತೀನಿ. ಆದ್ರ ಆ ಹಾಳಾದ ಫೋನಿಗೆ ತುಟಿ ಎಲ್ಲಿ ಅವ? ಕೇಳಸಂಗಿಲ್ಲ ಅಂತ ಗೊತ್ತಾದ್ರ ನೀವು ನನ್ನ ಮುಂದ ಮಾತಾಡೋದೇ ಬಿಡ್ತೀರಿ. ಆಮ್ಯಾಲೆ ನಾ ಈ ಮನ್ಯಾಗ ಇದ್ದೂ ಇಲ್ಲದಂಗ."

ಯಂತ್ರದ ಅಂಜಿಕೆ ಅಲ್ಲ ಅದು. ಮನೆಯಲ್ಲಿ ತಮ್ಮ ಮಾತಿಗೆ ಬೆಲೆ ಹೋದೀತು ಎಂಬ ಅಂಜಿಕೆ.

ಕೊನೆಗೆ ತಂಗಿಯೊಬ್ಬಳಿಗೆ ಮಾತ್ರ ಹೇಳಲು ಒಪ್ಪಿದರು. ಅಂದಿನಿಂದ ಸ್ಪೀಕರ್ ಹಚ್ಚಿ, ಫೋನನ್ನು ಇಬ್ಬರ ನಡುವೆ ಇಟ್ಟು, ಮೌಶಿ ಹೇಳಿದ್ದನ್ನು ನಾನು ತುಟಿಯಲ್ಲಿ ಒಪ್ಪಿಸತೊಡಗಿದೆ. ಕೈ ಮುರಿದ ಸುದ್ದಿ ತಿಳಿದ ದಿನ ಅತ್ತೆ ಕಣ್ಣೀರು ಹಾಕಿದರು, ಆಮೇಲೆ ಬಚ್ಚಲಲ್ಲಿ ಗೋಡೆ ಹಿಡಿದು ನಡೆಯಲು ಬರುವುದಿಲ್ಲವೇ ಎಂದು ತಂಗಿಯನ್ನು ಚೆನ್ನಾಗಿ ಬೈದರು. ಗಂಡ ಕೇಳಿದ್ದಕ್ಕೆ, ಅತ್ತೆಗೆ ಬಟನ್ ತಿಳಿಯುವುದಿಲ್ಲ, ಅದಕ್ಕೇ ಜತೆಗೆ ಕೂರುತ್ತೇನೆ ಎಂದು ಸುಳ್ಳು ಹೇಳಿದೆ.

ಅಷ್ಟು ಅಧಿಕಾರ ಕೈಗೆ ಬಂದ ಮೇಲೆ ನಾನಾದರೂ ಸುಮ್ಮನಿರುವವಳೇ? ಒಂದು ಭಾನುವಾರ, ಗಂಡ ಅಲ್ಲೇ ಪೇಪರು ಓದುತ್ತಿದ್ದರು. ಮೌಶಿ ಹೇಳುತ್ತಿದ್ದದ್ದು ಹಪ್ಪಳದ ಮಾತು. ನಾನು ಅದರ ಬಾಲಕ್ಕೆ ನನ್ನದೊಂದು ಸೇರಿಸಿ ತುಟಿಯಾಡಿಸಿದೆ: ಪಾಪ, ಸೊಸಿ ದಣೀತಾಳ, ಮಧ್ಯಾಹ್ನ ಒಂದೀಟು ಮಲಗಲಿಕ್ಕೆ ಬಿಡಕ್ಕಾ.

ಅತ್ತೆ ನನ್ನನ್ನೇ ನೆಟ್ಟ ದೃಷ್ಟಿಯಿಂದ ನೋಡಿದರು. ಆಮೇಲೆ ಪಡಸಾಲೆಗೆಲ್ಲ ಕೇಳುವಂತೆ ಅಂದರು:

"ಏ ಹುಡುಗಿ, ನನ್ನ ಕಿವಿ ಹೋಗ್ಯಾವ, ತಲಿ ಹೋಗಿಲ್ಲ!"

ಗಂಡನ ಕೈಯಲ್ಲಿದ್ದ ಪೇಪರು ಕೆಳಗಿಳಿಯಿತು. ಅತ್ತೆ ಮಗನ ಮುಖವನ್ನೊಮ್ಮೆ ನೋಡಿದರು, ಸೆರಗು ಸರಿ ಮಾಡಿಕೊಂಡರು, ನನ್ನ ಕಡೆ ತಿರುಗಿದರು.

"ಹೂಂ, ಈಗ ನನ್ನ ತಂಗಿ ಖರೇನ ಏನಂದ್ಳು, ಅದನ್ನ ಹೇಳು."