ತಿರುವಿನಲ್ಲಿ ಊದಿದ ಸೀಟಿ

ಐದು ತಿಂಗಳ ಆ ಮಗುವಿಗೆ ಮನೆಯವರು ಇಟ್ಟುಕೊಂಡಿದ್ದ ಹೆಸರು ಚೆಕಿಂಗ್ ಸಾಹೇಬ. ಅಮ್ಮ ಸಿಟಿ ಬಸ್ಸಿನ ಕಂಡಕ್ಟರ್, ಹಾಗಾಗಿ ಹೆಸರು ಸರಿಯಾಗಿಯೇ ಅಂಟಿಕೊಂಡಿತ್ತು. ಬಾಟಲಿ ಹಿಡಿದರೆ ಸಾಕು, ನಿಪ್ಪಲನ್ನು ನಾಲಗೆ ತುದಿಯಿಂದ ಒಮ್ಮೆ ತಪಾಸಣೆ ಮಾಡಿ, ಹುಬ್ಬು ಗಂಟಿಕ್ಕಿ, ಹೊರಕ್ಕೆ ದಬ್ಬಿಬಿಡುತ್ತಿದ್ದ. ಮೂರು ಬಗೆಯ ಬಾಟಲಿ ತಂದದ್ದಾಯಿತು, ಅಪ್ಪ ಎದುರು ನಿಂತು ಕುಣಿದದ್ದೂ ಆಯಿತು. ಅಮ್ಮನ ಹಾಲನ್ನೇ ಹಿಂಡಿ ತುಂಬಿಸಿದರೂ ಅಷ್ಟೇ. ಸಾಹೇಬರು ಬಡಪೆಟ್ಟಿಗೆ ಬಗ್ಗುವವರಲ್ಲ.

ಅಷ್ಟರಲ್ಲಿ ಅಮ್ಮನ ರಜೆ ಮುಗಿಯಿತು. ಮಗುವನ್ನು ನೋಡಿಕೊಳ್ಳಲು ಒಪ್ಪಿದವಳು ಆಯಮ್ಮ. ಮೂವತ್ತು ವರ್ಷ ಶಿಶುವಿಹಾರದಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು. "ಎಂಥೆಂಥ ಜಗಮೊಂಡರನ್ನ ನೋಡಿದೀನಿ, ಇವನ್ಯಾವ ಲೆಕ್ಕ? ಹಸಿವಾದ್ರೆ ತಾನಾಗೇ ಕುಡೀತಾನೆ, ನೀನು ಹೋಗು ತಾಯಿ" ಎಂದಳು.

ಗಂಡ ಮಾತ್ರ ಮೆತ್ತಗೆ ಒಂದು ಮಾತು ಹೇಳಿದ್ದ: "ಹದಿನೈದು ದಿನ ನೋಡೋಣ. ಆಮೇಲೂ ಕುಡೀಲಿಲ್ಲ ಅಂದ್ರೆ ಕೆಲಸ ಬಿಟ್ಬಿಡು. ಮಗೂನ ಹಸಿವಲ್ಲಿ ಇಡೋಕಾಗಲ್ಲ."

ಅವನ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಹಾಗಂತ ಕೆಲಸ ಬಿಡುವ ಯೋಚನೆಯೂ ಗಂಟಲಲ್ಲಿ ಇಳಿಯಲಿಲ್ಲ. ಏಳು ವರ್ಷದಿಂದ ಅದೇ ರೂಟು. ಯಾವ ಗುಂಡಿಯಲ್ಲಿ ಯಾವ ಸೀಟು ಎಗರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಬಸುರಿಯಾಗಿ ಏಳು ತಿಂಗಳು ತುಂಬುವವರೆಗೂ ಆ ಬಸ್ಸಿನಲ್ಲೇ ನಿಂತು ಟಿಕೆಟ್ ಕೊಟ್ಟವಳು ಅವಳು.

ಪಾಳಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ. ಡ್ಯೂಟಿಯಲ್ಲಿ ಫೋನ್ ಮುಟ್ಟುವಂತಿಲ್ಲ, ಡಿಪೋದಲ್ಲೇ ಇಟ್ಟು ಹೋಗಬೇಕು. ಪುಣ್ಯಕ್ಕೆ ಬಸ್ಸು ಆಯಮ್ಮನ ಮಹಡಿ ಮನೆಯ ಕೆಳಗಿನಿಂದಲೇ ದಿನಕ್ಕೆ ಆರು ಸಲ ಹಾದುಹೋಗುತ್ತಿತ್ತು. ಅಲ್ಲೊಂದು ಇಕ್ಕಟ್ಟಾದ ತಿರುವು. ಪ್ರತಿ ಕಂಡಕ್ಟರೂ ಹೊರಗೆ ಬಗ್ಗಿ ನೋಡಿ, ಜಾಗವಿದೆ ಎಂದು ಸೀಟಿ ಊದಿದ ಮೇಲೆಯೇ ಡ್ರೈವರ್ ಮುಂದೆ ಹೋಗುತ್ತಿದ್ದ. ಮಗು ಹಾಲು ಕುಡಿದರೆ ಬಾಲ್ಕನಿಯ ಕಂಬಿಗೆ ಹಳದಿ ಟವೆಲ್ ಹಾಕುವುದೆಂದು ಅವಳೂ ಆಯಮ್ಮನೂ ಮಾತಾಡಿಕೊಂಡರು.

ಮೊದಲ ಎರಡು ದಿನ ಕಂಬಿ ಖಾಲಿ. ಬಸ್ಸಿನಲ್ಲಿ ಯಾರದೋ ಮಗು ಅತ್ತರೆ ಅವಳ ಎದೆ ಜಿನುಗುತ್ತಿತ್ತು. ಒದ್ದೆಯಾದ ಅಂಗಿಗೆ ಟಿಕೆಟ್ ಚೀಲ ಅಡ್ಡ ಹಿಡಿದುಕೊಂಡು ಸ್ಟಾಪಿನ ಹೆಸರು ಕೂಗುವುದನ್ನೇ ಮರೆತುಬಿಡುತ್ತಿದ್ದಳು. "ಏನಮ್ಮಾ, ಇವತ್ತು ಯಾರನ್ನೂ ಇಳಿಸೋದೇ ಇಲ್ವಾ?" ಎಂದು ಡ್ರೈವರಣ್ಣ ಮುಂದಿನಿಂದ ರೇಗಿಸಿದ. ಇಳಿಯಬೇಕಾಗಿದ್ದವಳು ಅವಳೇ ಎಂದು ಅವನಿಗೂ ಗೊತ್ತಿತ್ತು.

ಮೂರನೆಯ ದಿನ ಹಳದಿ ಟವೆಲ್! ನಾಲ್ಕನೆಯ ದಿನವೂ ಇತ್ತು. ಪಾಳಿ ಮುಗಿದೊಡನೆ ಅವಳು ಕಾಲು ನೆಲಕ್ಕೆ ತಾಗದಂತೆ ಆಯಮ್ಮನ ಮನೆಗೆ ಓಡಿದಳು. ಆದರೆ ಎತ್ತಿಕೊಂಡ ತಕ್ಷಣ ಮಗ ಎದೆಗೆ ಮುಗಿಬಿದ್ದ ಪರಿ ಹೊಟ್ಟೆ ತುಂಬಿದವರದ್ದಲ್ಲ. ಅವಳು ಆಯಮ್ಮನ ಮುಖ ನೋಡಿದಳು. ಟಿಕೆಟ್ ತೆಗೆದುಕೊಳ್ಳದವರು ಕಂಡಕ್ಟರ್ ಹತ್ತಿರ ಬಂದಾಗ ಕಿಟಕಿಯಾಚೆ ಏನೋ ಅದ್ಭುತ ಕಂಡಂತೆ ಕೂತಿರುತ್ತಾರೆ. ಆಯಮ್ಮ ಹಾಗೆಯೇ ಕೂತಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ನಿಜ ಹೇಳಿ ಆಯಮ್ಮ."

"ಒಂದು ತೊಟ್ಟೂ ಕುಡೀಲಿಲ್ಲ ಕಣೇ. ನೀನು ಬಸ್ಸಿಂದ ಕತ್ತು ಚಾಚಿ ಚಾಚಿ ನೋಡ್ತಿದ್ದೆಯಲ್ಲ, ನನ್ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ."

"ಸುಳ್ಳು ಟವೆಲ್ ನಂಗೆ ಬೇಡ" ಎಂದಳು. ಸಿಟ್ಟೂ ಅಳುವೂ ಒಟ್ಟಿಗೆ ಬಂದು, ಯಾವುದೂ ಸರಿಯಾಗಿ ಹೊರಬರಲಿಲ್ಲ.

ಆಯಮ್ಮನಿಗೆ ಇಲ್ಲದ ಮೀಸೆ ಮಣ್ಣಾದಂತಾಯಿತು. ಮರುದಿನದಿಂದ ಬಾಟಲಿಯನ್ನು ಮೂಲೆಗೆ ಸರಿಸಿ ಪುಟ್ಟ ಸ್ಟೀಲ್ ಲೋಟ ಹಿಡಿದಳು. ಮಗುವಿನ ಬಾಯಿಗೆ ಬೀಗವೇನೋ ಹಾಗೇ ಇತ್ತು. ಆದರೂ ಅವಳು ಕಣ್ಣಲ್ಲಿ ಕಣ್ಣಿಟ್ಟು ಅವನನ್ನು ನೋಡುತ್ತಾ ಕೂತಳು. ಒಂಬತ್ತನೆಯ ದಿನ, ಕಂಡಕ್ಟರ್ ಚಪ್ಪಲಿ ಬಿಡುವ ಮೊದಲೇ ಕೈ ಹಿಡಿದು ಎಳೆದಳು.

"ಕೇಳಿಲ್ಲಿ. ತಿರುವಲ್ಲಿ ನೀನು ಸೀಟಿ ಊದ್ತೀಯಲ್ಲ, ಆಗ ಇವನು ಅಳೋದು ನಿಲ್ಲಿಸಿ ಬಾಯಿ ತೆರೀತಾನೆ. ಬೇರೆ ಬಸ್ಸಿನೋರು ಊದಿದ್ರೆ ತಿರುಗಿಯೂ ನೋಡಲ್ಲ."

ಎರಡು ಚಿಕ್ಕದು, ಒಂದು ಉದ್ದ: ಅದು ಅವಳು ಊದುವ ರೀತಿ. ಹೊಟ್ಟೆಯೊಳಗೆ ಕೂತು ತಿಂಗಳುಗಟ್ಟಲೆ ಅದನ್ನೇ ಕೇಳಿದವನು ಅವನು. ಈ ಒಂಬತ್ತು ದಿನವೂ ಅಮ್ಮ ಕೆಳಗೇ ಬಂದಿದ್ದಾಳೆ, ಮೇಲೆ ಮಾತ್ರ ಬರುತ್ತಿಲ್ಲ ಎಂದು ಬಾಯಿ ತೆರೆದು ಕಾದಿದ್ದ. ಅವಳು ಮಗನನ್ನು ಎತ್ತಿ ಎದೆಗೊತ್ತಿಕೊಂಡಳು.

"ನಾಳೆ ಜೋರಾಗಿ ಊದು. ಇವನು ಬಾಯಿ ತೆರೆದಾಗ ಲೋಟ ತುಟಿಗಿಡೋದು ನಂಗೆ ಬಿಡು" ಎಂದಳು ಆಯಮ್ಮ.

ಮರುದಿನ ತಿರುವಿನಲ್ಲಿ ಡ್ರೈವರಣ್ಣ ಹೇಳದೆಯೇ ಬಸ್ಸು ನಿಧಾನ ಮಾಡಿದ. ಅವಳು ಉಸಿರು ಮುಗಿಯುವವರೆಗೆ ಊದಿದಳು. ಐದು ಸಲ ಕಂಬಿ ಖಾಲಿಯೇ ಇತ್ತು. ಆರನೆಯ ಸಲ ಆಯಮ್ಮ ಮಗುವನ್ನೆತ್ತಿಕೊಂಡು ಬಾಲ್ಕನಿಗೇ ಬಂದಿದ್ದಳು. ಹೆಗಲ ಮೇಲೆ ಹಳದಿ ಟವೆಲ್, ಕೈಯಲ್ಲಿ ಸ್ಟೀಲ್ ಲೋಟ. ಈ ಸಲ ಸುಳ್ಳಲ್ಲ ಎಂದು ತೋರಿಸಲು ಅದನ್ನು ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿದಳು. ಒಂದು ಹನಿಯೂ ಬೀಳಲಿಲ್ಲ.

"ಅಷ್ಟುದ್ದ ಯಾಕಮ್ಮ ಊದ್ತೀಯಾ? ಕಿವಿ ಕಿತ್ತುಹೋಯ್ತು" ಎಂದ ಮುಂದಿನ ಸೀಟಿನ ಅಜ್ಜ.

"ಮಗನಿಗೆ ಹಾಲು ಕುಡಿಸ್ತಿದ್ದೆ ಅಜ್ಜ" ಎಂದಳು. ಅಜ್ಜನಿಗೆ ಏನೂ ಅರ್ಥವಾಗಲಿಲ್ಲ.

ಕೆಲಸ ಉಳಿಯಿತು. ಗಂಡನಿಗೆ ಡಿಪೋದಿಂದಲೇ ಫೋನ್ ಮಾಡಿ ಹೇಳಿದಳು. ಆಮೇಲೆ ಹಾಲು ತುಂಬಿ ಕಲ್ಲಿನಂತೆ ಬಿಗಿದ ಎದೆ ಹೊತ್ತುಕೊಂಡು ಆಯಮ್ಮನ ಮೆಟ್ಟಿಲು ಹತ್ತಿದಳು. ದಿನವೂ ಬಾಗಿಲಲ್ಲೇ ಕೇಳುತ್ತಿದ್ದ ಅಳು ಇರಲಿಲ್ಲ. ಸಾಹೇಬರು ಹೊಟ್ಟೆ ತುಂಬಿ, ಮುಷ್ಟಿ ಸಡಿಲಿಸಿ, ತುಟಿಯ ಮೇಲೆ ಹಾಲಿನ ಗೆರೆ ಹೊತ್ತು ಮಲಗಿದ್ದರು.

"ಏಳಿಸ್ಬೇಡ ಕಣೇ, ಈಗ ತಾನೇ ಮಲಗಿದಾನೆ" ಎಂದು ಆಯಮ್ಮ ಅಡುಗೆಮನೆಗೆ ಹೋದಳು.

ಅವಳು ಹಾಸಿಗೆಯ ಪಕ್ಕ ಕೂತಳು. ಹತ್ತು ದಿನ ಇವನು ತಾನಿಲ್ಲದೆ ಕುಡಿಯಲಿ ಎಂದು ಹಂಬಲಿಸಿದವಳೇ ಈಗ ಇವನಿಗೆ ಹಸಿವಾಗಲಿ ಎಂದು ಹಂಬಲಿಸುತ್ತಿದ್ದಳು. ಎಂಥ ತಾಯಿ ನಾನು ಎಂದು ನಾಚಿಕೆಯೂ ಆಯಿತು. ಕಾದಳು. ಗೋಡೆ ಗಡಿಯಾರದಲ್ಲಿ ಕಾಲು ಗಂಟೆ ಕಳೆಯಿತು. ಮಗ ಮಿಸುಕಲಿಲ್ಲ.

ಅಡುಗೆಮನೆಯ ಕಡೆ ಒಮ್ಮೆ ನೋಡಿ ಜೇಬಿನಿಂದ ಸೀಟಿ ತೆಗೆದಳು. ತುಟಿಗಿಟ್ಟು, ಉಸಿರಿಗಿಂತ ಹೆಚ್ಚು ಸದ್ದಾಗದಂತೆ ಊದಿದಳು. ಎರಡು ಚಿಕ್ಕದು, ಒಂದು ಉದ್ದ.

ಅವನ ಕಣ್ಣು ತೆರೆಯಲಿಲ್ಲ. ಬಾಯಿ ತೆರೆಯಿತು. ಅವಳು ಅಂಗಿಯ ಗುಂಡಿಗೆ ಕೈ ಹಾಕಿದಳು.