ಹೆಣ್ಣು ನೋಡಲು ಬಂದ ಹೈಡ್ರೋಜನ್

ರೇಷ್ಮೆ ತಂದವನು ಎಷ್ಟೇ ಹಳೆಯ ಪರಿಚಯದವನಾಗಿರಲಿ, ಅವನ ಕಣ್ಣ ಮುಂದೆಯೇ ಒಂದೆಳೆ ಕಿತ್ತು ಸುಟ್ಟು ಮೂಸಿ ನೋಡುವುದು ತೆಲಂಗಾಣದ ಗಡಿಯೂರು ಗದ್ವಾಲದ ನಮ್ಮ ಮನೆಯ ಪದ್ಧತಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕರಗಿ ಗುಂಡಾಗಿ ಕೂತರೆ ಮೋಸ. ತಂದವರು ಯಾರೂ ಇದಕ್ಕೆ ಸಿಟ್ಟಾಗುವುದಿಲ್ಲ. ಇಂಥ ಮನೆಯಲ್ಲಿ ಮಗ್ಗದ ಮೇಲೆ ಕೂತು ಬೆಳೆದವಳು ನಾನು. ಸುಮ್ಮನೆ ನಂಬು ಎಂದು ಯಾರಾದರೂ ಅಂದರೆ ಮೈಯೆಲ್ಲ ಉರಿಯುತ್ತದೆ.

ನನಗೆ ಮಕ್ತಲ್‌ನಿಂದ ಒಂದು ಸಂಬಂಧ ಬಂತು. ಹುಡುಗ ಹೈದರಾಬಾದಿನ ಆಚೆ ಯಾವುದೋ ಕಾರ್ಖಾನೆಯಲ್ಲಿ ಹೈಡ್ರೋಜನ್ ತಯಾರಿಸುವ ಕೆಲಸದಲ್ಲಿದ್ದಾನೆ ಎಂದರು. ಅವ್ವನಿಗೆ ಮನೆತನ ಮನಸ್ಸಿಗೆ ಬಂದಿತ್ತು. ನಾರಾಯಣಪೇಟೆಯಲ್ಲಿ ಸೀರೆ ವ್ಯಾಪಾರ ಮಾಡುವ ಸೋದರಮಾವ ಮಾತ್ರ ಫೋನಿನಲ್ಲೇ ಕೂಗಾಡಿದ.

"ಹುಚ್ಚು ಹಿಡದೈತೇನು ನಿಮಗ? ಹೈಡ್ರೋಜನ್ ಬಾಂಬ್ ಅಂತ ಟಿವಿಯಾಗ ತೋರಸಾಕತ್ತಾರ. ಒಂದು ಬಿತ್ತಂದ್ರ ಊರಿಗೆ ಊರೇ ಸಫಾ! ಅಂಥಾದ್ದು ಮಾಡಾವಗ ಹುಡುಗಿ ಕೊಡತೀರಾ?"

ಕೇಳಿ ನಾನು ನಕ್ಕೆ. ಮಗ್ಗಕ್ಕೆ ಕೂತ ಮೇಲೆ ಆ ನಗು ಉಳಿಯಲಿಲ್ಲ. ಫೋನಿನಲ್ಲಿ ಹುಡುಕಿದರೆ ಒಂದು ಕಡೆ ಹಸಿರು ಎಲೆಯ ಚಿತ್ರ, ಇನ್ನೊಂದು ಕಡೆ ಅಣಬೆಯಂತೆ ಎದ್ದ ಹೊಗೆ. ಎರಡರ ಕೆಳಗೂ ಅದೇ ಹೆಸರು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ, ಹಸಿರಿಗೂ ಆ ಮಾತು ಸಲ್ಲಬೇಕಲ್ಲ!

ಮಾವನ ಶಂಕೆ ಟಿವಿಯದು. ನನ್ನದು ಬೇರೆ. ಅಪ್ಪ ಹೋದದ್ದು ಬೋರಿನ ಮೋಟಾರಿನ ಕರೆಂಟು ಹೊಡೆದು. ಒದ್ದೆ ಕೈ ಒರೆಸಿಕೋ ಎಂದು ಅವ್ವ ಕೂಗಿದ್ದಳು. "ಏನಾಗಂಗಿಲ್ಲ ಬಿಡು" ಎನ್ನುತ್ತಲೇ ಸ್ಟಾರ್ಟರಿಗೆ ಕೈ ಇಟ್ಟ, ಅಷ್ಟೇ. ಆವತ್ತಿನಿಂದ "ಏನಾಗಂಗಿಲ್ಲ" ಅನ್ನುವ ಗಂಡಸನ್ನು ಕಂಡರೆ ನನಗಾಗದು. ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿಕೊಂಡು ಬಂದು ಹಾಗಂದ ಒಬ್ಬ ವರನಿಗೆ ಚಹಾ ಕೂಡ ಕೊಡದೆ ಒಳಗೆ ಹೋಗಿದ್ದೆ. ಅವ್ವ ಬಾಳಿದ ಬಾಳು ನನಗೆ ಬೇಡವಾಗಿತ್ತು.

ಮಕ್ತಲ್‌ನ ಹುಡುಗ ಬಂದ ದಿನ ಮಾವನೂ ಬಂದು ಅವನ ಎದುರಿಗೇ ಕೂತ. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಶುರು ಮಾಡಿದ.

"ಖರೇ ಹೇಳ್ರಿ. ನೀವು ಮಾಡೋದು ಬಾಂಬಿಗೆ ಹೋಗತೈತೋ, ಇಲ್ಲೋ?"

"ಇಲ್ರಿ," ಎಂದ ಹುಡುಗ. "ನಾವು ಬಿಸಿಲಿನ ಕರೆಂಟ್‌ಲೆ ನೀರು ಒಡದು ಗ್ಯಾಸ್ ತಗೀತೀವಿ. ಅದನ್ನ ಸುಟ್ರ ಗಾಳಿಯಾಗಿನ ಆಮ್ಲಜನಕ ಕೂಡಿಕೊಂಡು ಮತ್ತ ನೀರಾಗತೈತಿ. ಹೊಗಿ ಇಲ್ಲ, ಮಸಿ ಇಲ್ಲ. ಬಾಂಬಿನ ಕತಿನೇ ಬ್ಯಾರೆ. ಅಲ್ಲಿ ಹಿಂಗ ಸುಡಂಗಿಲ್ಲ. ಹೈಡ್ರೋಜನ್ನಿನ ಭಾರದ ಜಾತಿ ತಗೊಂಡು ಪರಮಾಣುವಿನ ತಿರುಳಿಗೆ ತಿರುಳು ಬೆಸೀತಾರ. ಅಷ್ಟು ಕಾವು ಹುಟ್ಟಬೇಕಂದ್ರ ಮೊದಲ ಒಂದು ಅಣುಬಾಂಬ್ ಸಿಡೀಬೇಕು."

"ಹಂಗಾರ ಅಣುಬಾಂಬೂ ಇಟಗೊಂಡೀರೇನು?"

ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಹುಡುಗ ನಗಲಿಲ್ಲ. "ನಮ್ಮ ಟ್ಯಾಂಕಿ ಒಡದ್ರೂ ಆ ಬಾಂಬ್ ಆಗಂಗಿಲ್ರಿ," ಎಂದ.

ಬಂತು ನೋಡು, ಅದೇ "ಆಗಂಗಿಲ್ಲ"! ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನನಗೆ ತಡೆಯಲಾಗಲಿಲ್ಲ. ನೇರ ಹೊರಗೆ ಬಂದೆ.

"ಆಗದಿರೋದು ಬ್ಯಾಡ್ರಿ. ಟ್ಯಾಂಕಿ ಒಡದ್ರ ಏನಾಗತೈತಿ, ಅದನ್ನ ಹೇಳ್ರಿ."

ಅವ್ವ ತೆಲುಗಿನಲ್ಲಿ "ಊರುಕೋ" ಎಂದು ಗದರಿ ಸುಮ್ಮನಿರಿಸಲು ನೋಡಿದಳು. ಹುಡುಗ ತಟ್ಟೆಯನ್ನು ಪಕ್ಕಕ್ಕಿಟ್ಟ.

"ಬೆಂಕಿ ಬೀಳಬಹುದ್ರಿ. ಸಿಡೀಲೂಬಹುದು. ಆ ಗ್ಯಾಸಿಗೆ ವಾಸನಿ ಇಲ್ಲ. ಹಗಲಾಗ ಅದರ ಉರಿ ಕಣ್ಣಿಗೆ ಕಾಣಂಗಿಲ್ಲ. ನಮ್ಮ ಕೂಡ ಕೆಲಸ ಮಾಡಾವ ಒಬ್ಬ ಗೊತ್ತಾಗಲಾರ್ದ ಮುಂದಕ್ಕ ಹೋಗಿ ಕೈ ಸುಟಗೊಂಡ."

"ಮತ್ತ ನೀವು?"

"ಉರಿ ಪತ್ತೆ ಹಚ್ಚೋ ಮೆಷಿನ್ ಅದಾವ. ಆದ್ರ ಅದರ ಮ್ಯಾಲೆ ನನಗ ಪೂರಾ ಭರೋಸಾ ಇಲ್ಲ. ಶಕ್ ಬಂದ ಕಡೆ ಉದ್ದನ ಕಸಬರಗಿ ಮುಂದ ಚಾಚಿಕೊಂಡು ಹೆಜ್ಜಿ ಇಡತೀನಿ. ಕಸಬರಗಿ ಹೊತ್ತಿತಂದ್ರ ಅಲ್ಲೇ ನಿಂದರತೀನಿ. ಹಿಂದಿನ ಕೆಲಸಗಾರರು ಹಂಗ ಮಾಡತಿದ್ರಂತ. ಜೊತಿಯವರು ನೋಡಿ ನಗತಾರ."

ಮಾವ ತೊಡೆ ತಟ್ಟಿ ನಕ್ಕ. "ಬಿಎಸ್ಸಿ ಓದಿ ಕಸಬರಗಿ ಹಿಡಿಯೋ ಅಳಿಯ! ಹೆಣ್ಣು ನೋಡಾಕ ಬಂದ ಮನ್ಯಾಗ ಕಸಬರಗಿ ಮಾತು ಎತ್ತತಾನಂದ್ರ ಇದಕ್ಕಿಂತ ಅಪಶಕುನ ಇನ್ನೇನು ಬೇಕು? ಸಾಕು, ಏಳ್ರಿ." ಹೆಗಲ ಮೇಲಿನ ಟವೆಲು ಕೊಡವಿ ಎದ್ದು ನಿಂತ. ಅವ್ವನ ಮುಖ ಸಣ್ಣಗಾಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನನ್ನಲ್ಲಿ ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಎಲ್ಲರ ಎದುರು ಗಂಡಸಿಗೆ ಕೇಳಬಾರದ ಪ್ರಶ್ನೆ ಅದು. ಕೇಳಿಯೇ ಬಿಟ್ಟೆ.

"ಇಷ್ಟೆಲ್ಲ ಗೊತ್ತಿದ್ದು ನಾಳೆ ಮತ್ತ ಅಲ್ಲಿಗೆ ಹೋಗಾಕ ಅಂಜಿಕಿ ಬರಂಗಿಲ್ಲೇನು?"

ಅವನ ಕಿವಿ ಕೆಂಪಾದವು. ನೆಲ ನೋಡುತ್ತ ಹೇಳಿದ.

"ಬರತೈತ್ರಿ. ದಿನಾ ಬರತೈತಿ."

"ಕೇಳಿದ್ಯಾ?" ಎಂದ ಮಾವ, ಗೆದ್ದವನ ದನಿಯಲ್ಲಿ.

ಕೇಳಿದ್ದೆ. ಅಳುವೂ ಬರುವಂತಿತ್ತು, ನಗುವೂ ಬರುವಂತಿತ್ತು. ಎಲ್ಲರಿಗೂ ಕೇಳುವ ಹಾಗೆ ಅವ್ವನ ಕಡೆ ತಿರುಗಿ ಅಂದೆ:

"ಅವ್ವಾ, ಇವರಿಗೆ ಅಂಜಿಕಿ ಐತಿ. ನನಗ ಒಪ್ಪಿಗಿ."